ಅಮ್ಮನ ಉಸಿರು ಕೇಳಿಸಿದರೆ ಪೆಟ್ಟಿಗೆ ಪಾಸು

ಬೆಳಗಿನ ಐದೂಕಾಲು. ಎರಡನೇ ಮಹಡಿಯ ಉದ್ದ ಕೋಣೆಯ ಬೀಗ ತೆಗೆದು ಒಳಗೆ ಬಂದ ಹೆಂಗಸು ದೀಪ ಹಾಕುವುದಿಲ್ಲ. ನಡೆಯುತ್ತಿರುವುದನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತ ಹೋಗುತ್ತಾರೆ. ಮೂಲೆಯ ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ. ನೀರಿನ ಫಿಲ್ಟರ್ ಆರಿಸುತ್ತಾರೆ. ಗೋಡೆ ಗಡಿಯಾರವನ್ನು ಮೊಳೆಯಿಂದ ಇಳಿಸಿ, ನಿದ್ದೆ ಹೋದ ಕೂಸನ್ನು ಮಲಗಿಸುವಂತೆ ಪಕ್ಕದ ಕೋಣೆಯ ಹಳೇ ಬಟ್ಟೆಗಳ ಮೇಲೆ ಮಲಗಿಸಿ ಬಾಗಿಲು ಎಳೆದುಕೊಳ್ಳುತ್ತಾರೆ. ಚಪ್ಪಲಿ ಮೆಟ್ಟಿಲ ಬಳಿಯೇ ಉಳಿದಿದೆ. ಕಿಟಕಿಯಿಂದ ಬರುವ ಬೂದುಬೆಳಕಿನಲ್ಲಿ ಮೇಜಿನ ಮುಂದೆ ಕುಳಿತು, ಹೆಡ್‌ಫೋನ್ ತೊಟ್ಟು, ಸೋಪಿನ ಪೆಟ್ಟಿಗೆಯಷ್ಟಿರುವ ಕಪ್ಪು ಲೋಹದ ಡಬ್ಬಿಯೊಂದರ ಗುಂಡಿ ಒತ್ತುತ್ತಾರೆ. ಪೂರಾ ಒಂದು ನಿಮಿಷ ಏನನ್ನೂ ನುಡಿಸುವುದಿಲ್ಲ.

"ಮೊದಲು ಖಾಲಿ ಪೆಟ್ಟಿಗೆ ಏನು ಮಾತಾಡುತ್ತೆ ಅಂತ ಕೇಳ್ಬೇಕು" ಎನ್ನುತ್ತಾರೆ ಅವರು. "ಒಳ್ಳೆ ಪೆಟ್ಟಿಗೆ ಬಾಯಿ ಮುಚ್ಕೊಂಡು ಕೂತಿರುತ್ತೆ. ಕೆಲವು ಇವೆ, ಸುಮ್‌ಸುಮ್ನೆ ಗೊಣಗ್ತಾನೇ ಇರ್ತವೆ, ನಮ್ಮ ಯಜಮಾನರ ಥರ."

ನಿಮಿಷ ಮುಗಿದ ಮೇಲೆ ಒಂದು ದನಿ ಏಳುತ್ತದೆ. ವಯಸ್ಸಾದ ಹೆಂಗಸೊಬ್ಬರು ಇನ್ನೊಂದು ದನಿಯೊಡನೆ ಸಾಲಿಗೊಬ್ಬರಂತೆ ಆರು ಸಾಲಿನ ಪದ್ಯವೊಂದನ್ನು ರಾಗವಾಗಿ ಓದುತ್ತಿದ್ದಾರೆ. ಸಾಲು ಮುಗಿಯುತ್ತದೆ. ತಮ್ಮ ಮುಂದಿನ ಸಾಲಿಗೆ ಮುನ್ನ ಆ ಹಿರಿಯರು ಉಸಿರು ಎಳೆದುಕೊಳ್ಳುತ್ತಾರೆ. ಮೇಜಿನ ಮುಂದಿರುವವರು ಕಾಯುತ್ತಿರುವುದು ಪದ್ಯಕ್ಕಲ್ಲ, ಆ ಉಸಿರಿಗೆ. ಅದು ಸ್ಪಷ್ಟವಾಗಿ ಕೇಳಿಸಿದರೆ ಚೀಟಿಯ ಮೇಲೊಂದು ಗುರುತು, ಮುಂದಿನ ಡಬ್ಬಿ.

ಓಣಿಯಲ್ಲಿ ಎಲ್ಲರೂ ಇವರನ್ನು ಕಿವಿಯಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತಮೂರು. ಒಂದು ಡಬ್ಬಿಗೆ ಆರು ನಿಮಿಷ, ದಿನಕ್ಕೆ ಇಪ್ಪತ್ತನಾಲ್ಕು ಡಬ್ಬಿ. ಏಳು ವರ್ಷಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಡಬ್ಬಿಗಳು ಈ ಎರಡು ಕಿವಿಗಳನ್ನು ಹಾದು ಹೊರಗೆ ಹೋಗಿವೆ. ಏಳೂಮುಕ್ಕಾಲಿಗೆ ಕೆಳಗಿನ ಮರಗೆಲಸದವರ ಗರಗಸ ಶುರುವಾದರೆ ಕರೆಂಟಿನ ತಂತಿಯಲ್ಲೇ ಕರಕರ ಹತ್ತಿಕೊಳ್ಳುತ್ತದೆ. ಅಷ್ಟರೊಳಗೆ ಅಂದಿನ ಲೆಕ್ಕ ಮುಗಿಯಬೇಕು.

ಡಬ್ಬಿಯ ಕೆಲಸ ಹೇಳುವುದಕ್ಕೆ ಸುಲಭ. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಹಾಡು ಬರೀ ಅಂಕಿಗಳಾಗಿ ಕೂತಿರುತ್ತದೆ. ಅದನ್ನು ಕಿವಿ ಒಪ್ಪುವ ದನಿಯಾಗಿ ಮಾರ್ಪಡಿಸಿ ಹೆಡ್‌ಫೋನಿಗೆ ದಾಟಿಸಬೇಕು. ಬಲ್ಲವರು ಇದನ್ನು ಡ್ಯಾಕ್ ಎನ್ನುತ್ತಾರೆ. ದುಡ್ಡಿದ್ದವರ ಮನೆಯ ಡ್ಯಾಕ್‌ಗಳು ಕಪಾಟಿನಷ್ಟು ದೊಡ್ಡವಿರುವುದೂ ಉಂಟು. ಇಲ್ಲಿ ತಯಾರಾಗುವುದು ಮೇಜಿನ ಮೂಲೆಯಲ್ಲಿ ಕೂರುವಂಥದ್ದು. ಒಂದು ಜೊತೆ ಒಳ್ಳೆಯ ಬೂಟಿನ ಬೆಲೆ. ಕೊಳ್ಳುವವರೂ ಅಂಥವರೇ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಮನೆಯಲ್ಲಿ ಯಾರಿಗೂ ತೊಂದರೆಯಾಗದಂತೆ ಸಂಗೀತ ಕೇಳಬೇಕೆನ್ನುವವರು, ಟೈಪ್ ಮಾಡುತ್ತಲೇ ದಿನವೆಲ್ಲ ದನಿ ಕೇಳುವ ಆಫೀಸಿನವರು, ಕಣ್ಣು ಮಂಜಾಗಿ ಪುಸ್ತಕವನ್ನು ಕಿವಿಯಿಂದ ಓದುವವರು.

ಕಿವಿಯಕ್ಕ ಈ ಕುರ್ಚಿಗೆ ಬಂದ ದಾರಿ ನೇರವಾದದ್ದಲ್ಲ. ಇಪ್ಪತ್ತನೇ ವಯಸ್ಸಿಗೆ ಟೇಪ್‌ರೆಕಾರ್ಡರ್ ಕಾರ್ಖಾನೆಯಲ್ಲಿ ಬೆಸುಗೆಯ ಸಾಲಿಗೆ ಸೇರಿದರು. ಹನ್ನೊಂದು ವರ್ಷ ಸೀಸದ ಹೊಗೆ ಕುಡಿದ ಮೇಲೆ ಒಂದು ದಿನ ಗೇಟಿಗೆ ಬೀಗ ಬಿತ್ತು. ಟೇಪ್ ಯಾರಿಗೂ ಬೇಡವಾಗಿತ್ತು. ಮುಂದಿನ ಹದಿನೈದು ವರ್ಷ ಗಂಡನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚಿದರು, ಪ್ಯಾಂಟಿನ ಅಂಚು ಮಡಿಸಿದರು. "ಬೆಸುಗೆ ಮಾಡೋ ಕೈಗೆ ಸೂಜಿ ಅಂದ್ರೆ ಆಟದ ಸಾಮಾನು. ಆದ್ರೆ ಮನಸ್ಸು ಮಾತ್ರ ಮುನಿಸ್ಕೊಂಡೇ ಇತ್ತು" ಎಂದು ನಗುತ್ತಾರೆ.

ಈ ವರ್ಕ್‌ಶಾಪಿಗೆ ಬಂದದ್ದೂ ಬೆಸುಗೆಗೇ. ಮಾಲೀಕರು ಅವರಿಗಿಂತ ಹದಿನೈದು ವರ್ಷ ಚಿಕ್ಕವರು. ಇವರು ಅವರನ್ನು ಸಾರ್ ಎನ್ನುತ್ತಾರೆ, ಅವರು ಇವರನ್ನು ಅಕ್ಕ ಎನ್ನುತ್ತಾರೆ. ಸೇರಿದ ಮೂರನೇ ವಾರ, ತಯಾರಾದ ಡಬ್ಬಿಗೆ ತಮ್ಮ ಫೋನು ಸಿಕ್ಕಿಸಿ ಅದರಲ್ಲಿದ್ದ ಅಮ್ಮನ ಓದು ಹಾಕಿಕೊಂಡರು. ಚಿಕ್ಕಂದಿನಿಂದ ಸಂಜೆಯಾದರೆ ಅಮ್ಮ ಪದ್ಯ ಓದುವುದು, ಮಗಳು ಅವರ ಬೆನ್ನಿಗೆ ಕಿವಿಯಾನಿಸಿ ಕೇಳುವುದು ಆ ಮನೆಯ ರೂಢಿ. ಯಾವ ಪದದ ಮುಂದೆ ಅಮ್ಮ ನಿಲ್ಲುತ್ತಾರೆ, ಎಲ್ಲಿ ಅರ್ಧ ಉಸಿರು, ಎಲ್ಲಿ ತುಂಬು ಉಸಿರು, ಎಲ್ಲವೂ ಮಗಳಿಗೆ ಬಾಯಿಪಾಠ. ಡಬ್ಬಿಯಲ್ಲಿ ಪದ್ಯವಿತ್ತು, ಉಸಿರಿರಲಿಲ್ಲ.

"ಸಾರ್, ಇದ್ರಲ್ಲಿ ನಮ್ಮಮ್ಮ ಉಸಿರೇ ತಗೊಳ್ತಿಲ್ಲ" ಎಂದು ಹೇಳಿದಾಗ ಮಾಲೀಕರು ಮೊದಲು ಗಾಬರಿಯಾದರಂತೆ, ಅಕ್ಕನ ಅಮ್ಮನಿಗೇ ಏನೋ ಆಯಿತೆಂದು. ಆಮೇಲೆ ಡಬ್ಬಿ ಬಿಚ್ಚಿ ನೋಡಿದರೆ ಒಂದು ಬಿಡಿಭಾಗ ಸಣ್ಣದೊಂದು ಸುಯ್ಯ್ ಎಂಬ ಸದ್ದು ಮಾಡುತ್ತ ಉಸಿರನ್ನು ಮುಚ್ಚಿಹಾಕುತ್ತಿತ್ತು. ಅಂದೇ ಬೆಸುಗೆಯ ಮೇಜಿನಿಂದ ಎಬ್ಬಿಸಿ ಕಿಟಕಿಯ ಪಕ್ಕ ಈ ಕುರ್ಚಿ ಹಾಕಿಸಿಕೊಟ್ಟರು.

ಇಷ್ಟು ಹೇಳಿ ನಿಲ್ಲಿಸಿದರೆ ಕಿವಿಯಕ್ಕ ಒಪ್ಪುವುದಿಲ್ಲ. "ಹೊಗಳಿದ್ದು ಸಾಕು, ನಾನು ಕೆಡಿಸಿದ್ದೂ ಬರೀಬೇಕು" ಎಂದು ಅವರೇ ಮುಂದೆ ತರುತ್ತಾರೆ.

ಎಂಟು ತಿಂಗಳ ಹಿಂದೆ ಪಿಯಾನೋ ಕಲಿಸುವ ಟೀಚರ್ ಒಬ್ಬರು ಫೋನ್ ಮಾಡಿದರು. "ಏನಮ್ಮಾ, ನಿಮ್ಮ ಪೆಟ್ಟಿಗೇಲಿ ನುಡಿಸೋನು ಪಿಯಾನೋದ ಹಿಂದುಗಡೆ ಕೂತಿದ್ದಾನಾ? ಎಡಗೈ ಸ್ವರ ಬಲಗಿವಿಗೆ ಬರ್ತಿದೆ." ಹೆಡ್‌ಫೋನ್ ಸಿಕ್ಕಿಸಲು ಹೊಸದಾಗಿ ಬಂದ ಸಾಕೆಟ್ಟುಗಳ ತಂತಿಕಾಲುಗಳು ಹಿಂದಿನವಕ್ಕೆ ತಿರುವುಮುರುವಾಗಿದ್ದವು, ಅವನ್ನು ಕೂರಿಸಿದ ಅರವತ್ತು ಡಬ್ಬಿಗಳಲ್ಲೂ ಎಡ ಬಲವಾಗಿ, ಬಲ ಎಡವಾಗಿ ಹೋಗಿತ್ತು. ಅರವತ್ತನ್ನೂ ಪಾಸು ಮಾಡಿದ್ದು ಕಿವಿಯಕ್ಕನೇ. ಕಾರಣ ಅವರಿಗೆ ಆ ಕ್ಷಣವೇ ಹೊಳೆಯಿತು. ಅಮ್ಮನ ಓದನ್ನು ಹಿಡಿದದ್ದು ಒಂದೇ ಮೈಕಿನಲ್ಲಿ. ಎರಡು ಕಿವಿಗೂ ಒಂದೇ ಅಮ್ಮ. ಎಡಬಲ ಅದಲುಬದಲಾದರೂ ಆ ದನಿಗೆ ಗೊತ್ತಾಗುವುದಿಲ್ಲ, ಕೇಳುವವರಿಗೂ ಗೊತ್ತಾಗುವುದಿಲ್ಲ.

"ಹೋಗ್ಲಿ ಬಿಡಿ ಅಕ್ಕ, ಹೆಡ್‌ಫೋನ್ ತಿರುಗಿಸಿ ಹಾಕ್ಕೊಂಡ್ರೆ ಆಯ್ತು, ಯಾರೂ ಗಮನಿಸಲ್ಲ" ಎಂದರಂತೆ ಮಾಲೀಕರು.

"ನಮ್ಮ ಯಜಮಾನ್ರು ಪ್ಯಾಂಟಿನ ಜಿಪ್ ಹಿಂದುಗಡೆ ಹೊಲಿದುಕೊಟ್ಟು, ತಿರುಗಿಸಿ ಹಾಕ್ಕೊಳ್ಳಿ ಅಂದ್ರೆ ನೀವು ಹಾಕ್ಕೊತೀರಾ ಸಾರ್?"

ಮಾಲೀಕರು ಕೊಂಡವರ ಪಟ್ಟಿ ತೆಗೆದುಕೊಟ್ಟರು. ಕಿವಿಯಕ್ಕ ನಾಲ್ಕು ದಿನ ಫೋನು ಹಿಡಿದು ಕೂತರು. ಪ್ರತಿಯೊಬ್ಬರಿಗೂ ಒಂದೇ ಮಾತು: ಪರೀಕ್ಷೆ ಮಾಡಿದ್ದು ನಾನು, ತಪ್ಪು ನಂದು, ಡಬ್ಬಿ ಕಳಿಸಿ, ಸರಿಮಾಡಿ ಕೊಡ್ತೀವಿ. ಐವತ್ತೆಂಟು ವಾಪಸು ಬಂದವು. ಒಂದನ್ನು ಯಾರದೋ ಮನೆಯ ನಾಯಿ ಕಚ್ಚಿ ಮುಗಿಸಿತ್ತು. ಇನ್ನೊಬ್ಬ ಹಿರಿಯರು ಮಾತ್ರ ಜಪ್ಪಯ್ಯ ಎಂದರೂ ಕೊಡಲಿಲ್ಲ. "ನಾನು ಕೇಳೋದು ಬರೀ ನಾಟಕ ಕಣಮ್ಮ. ಜಗಳ ಆಡೋರು ಜಾಗ ಬದಲಾಯಿಸಿಕೊಂಡ್ರೆ ನನಗೇನು ನಷ್ಟ? ಜಗಳ ಜೋರಾಗಿದ್ರೆ ಸಾಕು" ಎಂದರಂತೆ.

ಡಬ್ಬಿಗಳು ಸರಿಯಾದವು. ಆದರೆ ಮಾಲೀಕರ ಮನಸ್ಸಿನಲ್ಲಿ ಹುಳ ಬಿಟ್ಟಾಗಿತ್ತು. ಕಣ್ಣು ಕಾಣದವರಿಗಾಗಿ ನಡೆಯುವ ಒಂದು ಗ್ರಂಥಾಲಯದಿಂದ ಮುನ್ನೂರು ಡಬ್ಬಿಗಳ ಬೇಡಿಕೆ ಬಂದಿತ್ತು. ಅಲ್ಲಿ ಓದುವುದೆಲ್ಲ ಕಿವಿಯಲ್ಲೇ. ಮತ್ತೊಮ್ಮೆ ಎಡವಿದರೆ ಮುಖ ತೋರಿಸುವಂತಿಲ್ಲ. ಕಳೆದ ತಿಂಗಳು ಅಳೆದು ಹೇಳುವ ಯಂತ್ರವೊಂದನ್ನು ಕೊಂಡು ತಂದರು. ಡಬ್ಬಿ ಸಿಕ್ಕಿಸಿದರೆ ನಲವತ್ತು ಸೆಕೆಂಡಿನಲ್ಲಿ ಹಸಿರು ಅಥವಾ ಕೆಂಪು. ಆಮೇಲೆ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೇಳಿದರು: "ಅಕ್ಕ, ನಿಮ್ಮ ಕುರ್ಚಿ ಪ್ಯಾಕಿಂಗ್ ಕಡೆ ಹಾಕೋಣ. ಸಂಬಳ ಅಷ್ಟೇ ಇರುತ್ತೆ."

"ಸಂಬಳದ ಮಾತಲ್ಲ ಅದು" ಎನ್ನುತ್ತಾರೆ ಕಿವಿಯಕ್ಕ. "ಕಾರ್ಖಾನೆ ಮುಚ್ಚಿದಾಗ ಎಲ್ಲರ ಜೊತೆ ಎದ್ದು ಬಂದೆ, ಅಳು ಬರ್ಲಿಲ್ಲ. ಇದು ನನ್ನೊಬ್ಬಳನ್ನೇ ಎಬ್ಬಿಸೋದು. ಒಂದು ತಿಂಗಳು ಕೊಡಿ ಸಾರ್ ಅಂದೆ. ಯಂತ್ರ ಮೊದಲು ನೋಡ್ಲಿ, ಅದು ಪಾಸು ಮಾಡಿದ್ದನ್ನ ನಾನು ಕೇಳ್ತೀನಿ. ನನ್ನ ಹತ್ರ ಏನೂ ಸಿಗದೇ ಹೋದ್ರೆ ನಾನೇ ಕುರ್ಚಿ ಎತ್ಕೊಂಡು ಹೋಗ್ತೀನಿ."

ಮೊದಲು ತಮ್ಮ ಪರೀಕ್ಷೆಯನ್ನೇ ತಿದ್ದಬೇಕಿತ್ತು. ಅದಕ್ಕೆ ಎಂಬತ್ತೆರಡರ ಅಮ್ಮನನ್ನು ಗಂಡನ ಹೊಲಿಗೆ ಅಂಗಡಿಗೆ ಕರೆತಂದರು. ಸುತ್ತ ಬಟ್ಟೆಯ ಥಾನುಗಳಿರುವ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮರಳುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ಮೈಕು. ಎಡದ ಮೈಕಿಗೆ ಒಂದು ಸಾಲು ಅಮ್ಮ ಓದಬೇಕು, ಬಲದ ಮೈಕಿಗೆ ಮುಂದಿನ ಸಾಲು ಮಗಳು. ಯಾವ ಕಿವಿಯಲ್ಲಿ ಯಾರಿದ್ದಾರೆ ಎಂದು ತಿಳಿದರೆ ಎಡಬಲ ತಪ್ಪುವ ಮಾತೇ ಇಲ್ಲ. ವಿಷಯ ಕೇಳಿದ ಅಮ್ಮ ಕನ್ನಡಕ ಏರಿಸಿ ಅಂದರಂತೆ, "ಎಡ ಯಾವ್ದು ಬಲ ಯಾವ್ದು ಅಂತ ಒಂದನೇ ಕ್ಲಾಸಲ್ಲೇ ಹೇಳಿಕೊಟ್ಟಿದ್ದೆ. ಈಗ ಮೈಕ್ ಇಟ್ಟು ಮತ್ತೆ ಹೇಳ್ಬೇಕಾ?" ನಾಲ್ಕು ಸಲ ಓದಿದರು. ಮೂರು ಸಲ ಮಗಳು ಆತುರಪಟ್ಟು ಅಮ್ಮನ ಉಸಿರಿನ ಮೇಲೇ ಕಾಲಿಟ್ಟಿದ್ದಳು. ನಾಲ್ಕನೆಯದು ಕೂಡಿ ಬಂತು.

ಈ ಒಂದು ತಿಂಗಳಲ್ಲಿ ಯಂತ್ರ ಒಂಬತ್ತು ಡಬ್ಬಿಗಳನ್ನು ಕೆಂಪು ಮಾಡಿತು. ಕಿವಿಯಕ್ಕ ಕುತೂಹಲಕ್ಕೆ ಆ ಒಂಬತ್ತನ್ನೂ ಕೇಳಿದರು, ಅವರಿಗೇನೂ ಸಿಗಲಿಲ್ಲ. ಸೊಳ್ಳೆಯ ದನಿಗಿಂತ ಸಣ್ಣ ಕೀರಲು ಸದ್ದು ಅವುಗಳಲ್ಲಿತ್ತು. ಕಿವಿ ಡಾಕ್ಟರ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಅಷ್ಟು ಮೇಲಿನ ಸದ್ದು ತಮಗೀಗ ಕೇಳಿಸುವುದಿಲ್ಲ ಎಂಬ ಕಾಗದವನ್ನು ತಾವೇ ತಂದು ಮಾಲೀಕರ ಮೇಜಿನ ಮೇಲಿಟ್ಟರು. "ಯಾಕೆ ಮುಚ್ಚಿಡ್ಲಿ? ವಯಸ್ಸಾಯ್ತು, ಮೇಲಿನ ಮಹಡಿ ಬೀಗ ಹಾಕಿದೆ. ಕೆಳಗಿನ ಮನೆ ಇನ್ನೂ ಭದ್ರವಾಗಿದೆ."

ಯಂತ್ರ ಹಸಿರು ತೋರಿಸಿದ ಡಬ್ಬಿಗಳಲ್ಲಿ ನಾಲ್ಕನ್ನು ಕಿವಿಯಕ್ಕ ಬದಿಗೆ ಸರಿಸಿದ್ದಾರೆ. ಇಂದು ಅವರು ಕೇಳಿಕೊಂಡ ತಿಂಗಳ ಕೊನೆಯ ದಿನ. ಎಂದೂ ಒಂಬತ್ತಕ್ಕೆ ಮೊದಲು ಬಾರದ ಮಾಲೀಕರು ಆರೂವರೆಗೇ ಮೆಟ್ಟಿಲು ಹತ್ತಿ ಬರುತ್ತಾರೆ. ಆ ನಾಲ್ಕರಲ್ಲಿ ಒಂದನ್ನು ಎತ್ತಿಕೊಂಡು, ಕಿವಿಯಕ್ಕನ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ತೊಡುತ್ತಾರೆ.

"ಚೆನ್ನಾಗೇ ಇದೆಯಲ್ಲ ಅಕ್ಕ."

"ದನಿ ಇಳಿಸಿ ಸಾರ್. ಇನ್ನೂ ಇಳಿಸಿ. ಪಕ್ಕದಲ್ಲಿ ಮಗು ಮಲಗಿದೆ ಅಂದ್ಕೊಳ್ಳಿ."

ಮಾಲೀಕರು ದನಿಯ ಗುಂಡಿಯನ್ನು ಕೂದಲೆಳೆಯಷ್ಟಷ್ಟೇ ತಿರುಗಿಸುತ್ತಾರೆ. ಕಣ್ಣು ಮುಚ್ಚುತ್ತಾರೆ. ಕೋಣೆಯಲ್ಲಿ ಎಲ್ಲವೂ ಸುಮ್ಮನಿದೆ. ಒಂದು ಪದ್ಯ ಮುಗಿಯುವಷ್ಟು ಹೊತ್ತಿನ ಮೇಲೆ ಅವರ ಹುಬ್ಬು ಗಂಟಾಗುತ್ತದೆ.

"ಅಜ್ಜಿ ಒಂದು ಸಾಲು ಓದ್ತಾರೆ, ನಿಲ್ಲಿಸ್ತಾರೆ. ಆಮೇಲೆ ಖಾಲಿ." ಕಣ್ಣು ತೆರೆದು ನೋಡುತ್ತಾರೆ. "ಅಕ್ಕ, ಇದ್ರಲ್ಲಿ ನೀವೇ ಇಲ್ಲ."

"ಅದೇ. ದನಿ ಗುಂಡಿ ಅಗ್ಗದ್ದು, ಕೆಲವು ಹೀಗೆ ಕೈಕೊಡ್ತವೆ. ದನಿ ತೀರಾ ಇಳಿಸಿದ್ರೆ ಒಂದು ಕಿವಿ ಸತ್ತೋಗುತ್ತೆ. ಯಂತ್ರ ಅಳೆಯೋದು ಜೋರು ದನಿಯಲ್ಲಿ, ಅದಕ್ಕೆ ಗೊತ್ತಾಗಲ್ಲ. ಗ್ರಂಥಾಲಯದಲ್ಲಿ ಸಣ್ಣಗೆ ಇಟ್ಕೊಂಡೇ ತಾನೇ ಕೇಳೋದು ಅವ್ರು?"

ಮಾಲೀಕರು ಉಳಿದ ಮೂರನ್ನೂ ಕೇಳುತ್ತಾರೆ. ಮೂರರಲ್ಲೂ ಅಮ್ಮನ ಸಾಲಿನ ನಂತರ ಬಯಲು. ಎದ್ದು ಹೋಗಿ ಯಂತ್ರದ ಪಕ್ಕ ನೇತುಹಾಕಿದ ಹಾಳೆಯನ್ನು ತಂದು, ಪೆನ್ನಿನಿಂದ ಉದ್ದಕ್ಕೆ ಇನ್ನೊಂದು ಗೆರೆ ಎಳೆದು, ಹೊಸ ಅಂಕಣದ ತಲೆಯ ಮೇಲೆ ದಪ್ಪಗೆ 'ಕಿವಿ' ಎಂದು ಬರೆಯುತ್ತಾರೆ. ಎರಡೂ ಅಂಕಣದಲ್ಲಿ ಗುರುತಿಲ್ಲದೆ ಇನ್ನು ಮುಂದೆ ಒಂದು ಡಬ್ಬಿಯೂ ಮೆಟ್ಟಿಲಿಳಿಯುವುದಿಲ್ಲ. ಬರೆದದ್ದು ಮುಗಿದ ಮೇಲೆ ಮತ್ತೆ ಅದೇ ಕುರ್ಚಿಗೆ ಬಂದು ಕೂತು, ಸರಿಯಿರುವ ಡಬ್ಬಿಯೊಂದರಲ್ಲಿ ಇಡೀ ಓದನ್ನು ಕೇಳತೊಡಗುತ್ತಾರೆ.

ನಡುವೆ ಒಂದು ಕಿವಿ ಬಿಡಿಸಿ, "ಬೇರೆ ಏನಾದ್ರೂ ಬೇಕಾ ಅಕ್ಕ?" ಎನ್ನುತ್ತಾರೆ.

ಕಿವಿಯಕ್ಕ ಬಹಳ ಯೋಚಿಸುವುದಿಲ್ಲ. "ನನಗೆ ಸೋಲದ ಹುಡುಗಿ ಒಬ್ಬಳು ಬೇಕು. ನಾನು ಪಾಸು ಮಾಡಿದ್ದನ್ನ ತಗೊಂಡು ಬಂದು, ಅಕ್ಕ ಇದು ಸರಿಯಿಲ್ಲ ಅಂತ ಮುಖದ ಮೇಲೆ ಹೇಳೋವಂಥವಳು. ಅವಳಿಗೆ ಎಲ್ಲಾ ಕಲಿಸಿಕೊಟ್ಟು ಹೋಗ್ತೀನಿ."

"ಆಗ್ಲಿ" ಎನ್ನುತ್ತಾರೆ ಮಾಲೀಕರು. ಪದ್ಯ ಇನ್ನೂ ನಡೆಯುತ್ತಿದೆ, ಅವರು ಅಲ್ಲಾಡುವುದಿಲ್ಲ. ಕಿವಿಯಕ್ಕ ಅವರ ಭುಜದ ಮೇಲೆ ಎರಡು ಬೆರಳಿನಿಂದ ತಟ್ಟುತ್ತಾರೆ.

"ಏಳಿ ಸಾರ್. ಇನ್ನೂ ಹನ್ನೊಂದು ಪೆಟ್ಟಿಗೆ ಇದೆ. ಅದು ನನ್ನ ಕುರ್ಚಿ."