ಸೋಡಾ ಪೀಪಾಯಿಗೆ ಜೋಳದ ಹಿಟ್ಟು

ಫಟ್ಟೆಂದು ಹಾರಿದ ಜೋಳದ ಹಿಟ್ಟಿನ ಮುದ್ದೆ, ನಮ್ಮ ಮಗಳನ್ನು ನೋಡಲು ದೇವಾಪುರದಿಂದ ಶಹಾಪುರಕ್ಕೆ ಬಂದಿದ್ದ ವರನ ತಂದೆಯ ಬಿಳಿ ಅಂಗಿಗೆ ಬಡಿಯಿತು. ಹಿಂದೆಯೇ ಶುಂಠಿ ಸೋಡಾದ ಕಾರಂಜಿ.

ಮನೆಯಲ್ಲೇ ಹುಳಿಸಿದ ಸೋಡಾ ಕುಡಿಸಿ ಬೀಗರನ್ನು ಗೆಲ್ಲುವುದು, ಕಾಲುವೆ ದುರಸ್ತಿಯ ಕೆಲಸದಲ್ಲಿದ್ದ ನಮ್ಮ ಯಜಮಾನರ ಮಹಾ ಯೋಜನೆ. ಸೋಡಾ ತುಂಬಿದ್ದ ಪೀಪಾಯಿಯ ನಲ್ಲಿಯ ಬುಡ ಬೆಳಿಗ್ಗೆಯಿಂದಲೇ ಸೋರಿ ಬುಸುಗುಡುತ್ತಿತ್ತು.

"ರಬ್ಬರ್ ವಾಷರ್ ಹಾಕ್ರಿ" ಅಂದೆ.

"ಕಾಲುವಿ ಸೋರೂದು ನಿಲ್ಸಿದಾಂವ ನಾ. ಇದೇನ್ ದೊಡ್ಡದು?" ಅಂದರು.

ಪಕ್ಕದ ಮನೆ ಚಾಚಿ ಹಬೆ ಹೋಗದಂತೆ ಬಿರಿಯಾನಿ ಹಂಡೆಯ ಬಾಯಿಗೆ ಹಿಟ್ಟು ಮೆತ್ತುವುದನ್ನು ಇವರು ಎಂದೋ ಕಂಡಿದ್ದರು. ಚಾಚಿಯದು ಜಿಗುಟಾದ ಮೈದಾ. ಈ ಪಂಡಿತರು ನಲ್ಲಿಯ ಬುಡಕ್ಕೆ ಮೆತ್ತಿದ್ದು ರೊಟ್ಟಿಗೆಂದು ನಾನು ನಾದಿಟ್ಟಿದ್ದ ಜೋಳದ ಹಿಟ್ಟು!

ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಒಳಗೆ ಮಗಳು ಬೇರೆ ಕಿಸಕ್ಕನೆ ನಕ್ಕಳು. ವರನ ತಂದೆ ಅಂಗಿಯ ಮೇಲಿನ ಹಿಟ್ಟನ್ನು ಬೆರಳಲ್ಲಿ ಕೆರೆದು ನೋಡಿ, "ಸೋಡಾ ಕೊಡ್ತೀನಂತ ಕರದು ರೊಟ್ಟಿ ಬಡದ್ರಲ್ರೀ, ಬೀಗ್ರ!" ಎಂದರು.

ಬೀಗರು ಎಂದು ಕರೆದರಲ್ಲ, ನನಗೆ ಹೋದ ಜೀವ ಬಂತು. ಮದುವೆಯೂ ಆಯಿತು. ಸಂಬಂಧ ಕೂಡಿಸಿದ್ದು ತಮ್ಮ ಸೋಡಾ ಎಂದು ಇವರು ಈಗಲೂ ಮೀಸೆ ತಿರುವುತ್ತಾರೆ. ಬೀಗರು ಮಾತ್ರ ಬಂದಾಗಲೆಲ್ಲ ಪೀಪಾಯಿ ಯಾವ ಮೂಲೆಯಲ್ಲಿದೆ ಎಂದು ಕೇಳಿಕೊಂಡೇ ಕುರ್ಚಿ ಎಳೆದುಕೊಳ್ಳುತ್ತಾರೆ.