ಹೋಗುವಾಗಿನ ದಂಡ, ಬರುವಾಗಿನ ದಂಡ

ಈ ವಯಸ್ಸಿನಲ್ಲಿ ಸರಕಾರ ನನ್ನ ಫೋಟೋವನ್ನು ಇಷ್ಟು ಆಸ್ಥೆಯಿಂದ ತೆಗೆದೀತೆಂದು ನಾನು ಅಂದುಕೊಂಡಿರಲಿಲ್ಲ. ಹೋದ ವಾರ ಮಗನ ಮೊಬೈಲಿಗೆ ಬಂತು. ಧಾರವಾಡದ ಸರ್ಕಲ್ಲಿನಲ್ಲಿ ಸ್ಕೂಟಿಯ ಮೇಲೆ ನಾನು. ತಲೆಗೆ ಹೆಲ್ಮೆಟ್ ಇಲ್ಲ. ಕಾಲ ಬಳಿಯ ಚೀಲದಿಂದ ಕೊತ್ತಂಬರಿ ಸೊಪ್ಪು ಇಣುಕುತ್ತಿದೆ. ಒಂದು ಸಿವುಡು ಕೊತ್ತಂಬರಿಗೂ ಹೆಲ್ಮೆಟ್ಟೇ ಎಂದು ವಾದ ಹೂಡಿದೆ. "ಅವ್ವಾ, ಕ್ಯಾಮೆರಾದ ಮುಂದ ನಿನ್ನ ಮಾಸ್ತರಕಿ ನಡ್ಯಂಗಿಲ್ಲ" ಅಂದ ಮಗ. ಅದೂ ನಿಜವೇ.

ನಾನು ದಂಡ ಕಟ್ಟಿದ ದಿನವೇ ಎದುರುಮನೆಯ ಡಾಕ್ಟರೂ ಕಟ್ಟಿದರಂತೆ. ಅವರದು ಉದ್ದನೆಯ ಕಾರು, ಸೀಟ್ ಬೆಲ್ಟ್ ಹಾಕದ್ದಕ್ಕೆ ನನ್ನಷ್ಟೇ ದಂಡ. ಚಹಾದ ಕಪ್ಪನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಮೊಬೈಲ್ ಒತ್ತಿ ಮುಗಿಸಿದರಂತೆ. ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ನಾನು ಪಿಂಚಣಿಯವಳು. ಎರಡು ದಿನ ಕೊತ್ತಂಬರಿ ಕಂಡರೂ ಸಿಟ್ಟು ಬರುತ್ತಿತ್ತು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎನ್ನುತ್ತಾರೆ. ಇಲ್ಲಿ ಆನೆಗೂ ಇರುವೆಗೂ ಒಂದೇ ಮೂಟೆ ಹೊರಿಸಿ, ಅದನ್ನೇ ಸಮಾನತೆ ಅನ್ನುತ್ತಾರಲ್ಲ ಎಂದು ಗೊಣಗಿದೆ. ಕೆಲವು ದೇಶಗಳಲ್ಲಿ ಆದಾಯ ನೋಡಿ ದಂಡ ಹಾಕುತ್ತಾರಂತೆ ಎಂದು ಮಗ ಹೇಳಿದ. ನಾನು ನಕ್ಕೆ. ನಮ್ಮಲ್ಲಿ ರೇಶನ್ ಕಾರ್ಡು ಕೊಡುವ ಹೊತ್ತಿಗೆ ಶ್ರೀಮಂತರೇ ಇರುವುದಿಲ್ಲ. ಸರ್ಕಲ್ಲಿನಲ್ಲಿ ಆದಾಯದ ಪತ್ರ ಕೇಳಿದರೆ ಡಾಕ್ಟರು ನನಗಿಂತ ಬಡವರಾಗಿ ಹೊರಬಂದಾರು.

ನಕ್ಕೆನೇನೋ ಸರಿ. ಆದರೆ ಆಮೇಲೆ ದಾಂಡೇಲಿ ನೆನಪಾಯಿತು. ಆ ಪದ್ಧತಿ ಅಲ್ಲಿತ್ತು. ಯಾವ ಕಾನೂನಿನಲ್ಲೂ ಇರಲಿಲ್ಲ, ಬಸಲಿಂಗಪ್ಪ ಎಂಬ ಹವಾಲ್ದಾರನ ತಲೆಯಲ್ಲಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಹೊಸದಾಗಿ ಟೀಚರಾಗಿ ದಾಂಡೇಲಿಗೆ ಹೋಗಿದ್ದೆ. ಕಾಗದದ ಕಾರ್ಖಾನೆಯಲ್ಲಿ ಬೇಯಿಸಿದ ಬಿದಿರಿನ ವಾಸನೆಗೆ ಮೊದಲ ವಾರ ಮೂಗು ಮುಚ್ಚಿಕೊಂಡು ತಿರುಗಿದೆ, ಎರಡನೇ ವಾರ ಊರಿಂದ ಬಂದ ಅಣ್ಣ ಮೂಗು ಮುಚ್ಚಿಕೊಂಡಾಗ "ಯಾಕ, ನೆಗಡಿ ಏನ?" ಎಂದು ಕೇಳಿದೆ. ಆ ಊರಿನಲ್ಲಿ ಗಡಿಯಾರ ಯಾರಿಗೂ ಬೇಕಿರಲಿಲ್ಲ. ಕಾರ್ಖಾನೆಗಳ ಭೋಂಗಾ ಕೂಗಿದಾಗ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಭೋಂಗಾಕ್ಕೆ ಮುಂಚೆ ರಸ್ತೆ ತುಂಬ ಸೈಕಲ್ಲುಗಳು. ಆ ಕಾಲದಲ್ಲಿ ಸೈಕಲ್ಲಿನ ಮೇಲೆ ಇಬ್ಬರು ಕೂತರೆ ಅಪರಾಧ. ಅದಕ್ಕೆ ಡಬಲ್ ಸೀಟು ಎಂದು ಹೆಸರು. ಸೈಕಲ್ಲಿನವರಿಗೆ ಶಿಕ್ಷೆ ಸ್ಥಳದಲ್ಲೇ: ಹವಾಲ್ದಾರ ಬಗ್ಗಿ ಚಕ್ರದ ಗಾಳಿ ಬಿಡುತ್ತಿದ್ದ. ಪಂಪು ಸಿಗುವತನಕ ತಳ್ಳಿಕೊಂಡು ನಡೆಯಬೇಕು.

ನನ್ನ ಗಾಳಿಯೂ ಹೋಗಿತ್ತು. ಒಂದು ದಿನ ನಮ್ಮ ಶಾಲೆಯ ಹುಡುಗಿಯೊಬ್ಬಳನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. "ಇಳೀರಿ ಅಕ್ಕೋರ" ಅಂದ ಬಸಲಿಂಗಪ್ಪ. ಅರ್ಧ ಪಿರಿಯಡ್ಡು ತಡವಾಗಿ ಶಾಲೆ ಮುಟ್ಟಿದೆ. ಹೆಡ್ಮಾಸ್ತರರು ನಕ್ಕರು, ಮಕ್ಕಳು ನಕ್ಕರು, ತಿಂಗಳ ಕೊನೆಗೆ ಪಗಾರ ಇಡಿಯಾಗಿಯೇ ಬಂತು.

ನನ್ನ ಬಾಡಿಗೆ ಮನೆಯ ಹಿಂದಿನ ಖೋಲಿಯಲ್ಲಿ ಇನಾಸ ಎಂಬ ಸಿದ್ದಿ ಹುಡುಗನೂ ಅವನ ಹೆಂಡತಿ ರೋಜಿಯೂ ಇದ್ದರು. ಸಾಂಬ್ರಾಣಿ ಎಂಬ ಹಳ್ಳಿಯ ಕಡೆಯವರು. ಹೊಸ ಮದುವೆ, ಹಳೆಯ ಸೈಕಲ್ಲು. ರೋಜಿ ಆಫೀಸರರ ಬಂಗಲೆಗಳಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಇನಾಸ ಹಲಗೆ ಮಾಡುವ ಒಂದು ಕಾರ್ಖಾನೆಯಲ್ಲಿ ಬದಲಿ ಕೆಲಸಗಾರ. ಬದಲಿ ಎಂದರೆ, ದಿನಾ ಭೋಂಗಾಕ್ಕೆ ಮುಂಚೆ ಗೇಟಿನ ಮುಂದೆ ನಿಲ್ಲಬೇಕು. ಒಳಗೆ ಯಾರು ಬಂದಿಲ್ಲವೋ ಅವರ ಜಾಗಕ್ಕೆ ಹೆಸರು ಕೂಗುತ್ತಾರೆ. ಕೂಗಿದಾಗ ಇಲ್ಲದವನಿಗೆ ಅಂದು ಕೆಲಸವಿಲ್ಲ. ತಪ್ಪದೆ ಬಂದವರನ್ನು ಮುಂದೆ ಪರ್ಮನೆಂಟ್ ಮಾಡುತ್ತಾರೆ ಎಂಬ ಆಸೆ. ಆ ಒಂದು ಆಸೆಯ ಮೇಲೆ ಅವರ ಸಂಸಾರ ನಿಂತಿತ್ತು. ರೋಜಿ ಆಗಲೇ ಬಸುರಿ.

ಒಂದು ಮುಂಜಾನೆ ನಾನು ಹಾಲು ತರಲು ಹೋದಾಗ, ಸಂತೆಯ ರಸ್ತೆಯಲ್ಲಿ ಬಸಲಿಂಗಪ್ಪ ಅವರನ್ನು ಹಿಡಿದ. ಅದೇ ಡಬಲ್ ಸೀಟು, ಅದೇ ಗಾಳಿ. ಚಕ್ರ ನೆಲಕ್ಕೆ ಕೂಡುವುದಕ್ಕೂ ದೂರದಲ್ಲಿ ಭೋಂಗಾ ಶುರುವಾಗುವುದಕ್ಕೂ ಸರಿಹೋಯಿತು. ಇನಾಸ ಸೈಕಲ್ಲನ್ನು ರೋಜಿಯ ಕೈಗೆ ಕೊಟ್ಟು ಓಡಿದ. ಅಷ್ಟು ಜೋರಾಗಿ ಓಡಿದ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ನಡೆದು ವಾಪಸು ಬಂದ. ಅವನ ಹೆಸರು ಕೂಗಿ, ಬೇರೆಯವನನ್ನು ಒಳಗೆ ತೆಗೆದುಕೊಂಡಿದ್ದರು. ಮೋರಿಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತ. ಹವಾಲ್ದಾರನೂ ಅದನ್ನು ನೋಡಿದ. ನೋಡದವನ ಹಾಗೆ ಮೀಸೆ ತಿರುವುತ್ತ ನಿಂತ. ನನ್ನ ಚಕ್ರದಿಂದ ಹೋದದ್ದೂ ಅಷ್ಟೇ ಗಾಳಿ, ಅವನ ಚಕ್ರದಿಂದ ಹೋದದ್ದೂ ಅಷ್ಟೇ ಗಾಳಿ.

ಮರುದಿನ ಇನಾಸ ಬೇಗನೆ ಹೊರಟು, ತಾನಾಗಿಯೇ ಹವಾಲ್ದಾರನ ಮುಂದೆ ಸೈಕಲ್ಲು ನಿಲ್ಲಿಸಿದ. ರೋಜಿ ಹಿಂದೆಯೇ ಕೂತಿದ್ದಳು. ನಾನು ಹಾಲಿಗೆಂದು ಹೋದವಳು ಅಲ್ಲೇ ನಿಂತಿದ್ದೆ.

"ಸಾಹೇಬ್ರ, ಇಕಿ ಬಸರಿ ಅದಾಳ್ರಿ, ಮುಂಜಾನಿ ಲಗುಲಗು ನಡ್ಸಾಕ ಆಗಂಗಿಲ್ಲ. ದಂಡ ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಹೋಗೂ ಮುಂದ ಹಾಕಬ್ಯಾಡ್ರಿ. ಬರೂ ಮುಂದ ಹಾಕ್ರಿ."

ಬಸಲಿಂಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಸಂಜೀಕ ಬರ್ತಿ?"

"ಬರ್ತೇನ್ರಿ."

ಸಂಜೆ ಬಂದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕೈಕಟ್ಟಿ ನಿಂತ. ಬಸಲಿಂಗಪ್ಪನೂ ಕಾಯಿದೆಯ ಮನುಷ್ಯ. ಬಗ್ಗಿ ಗಾಳಿ ಬಿಟ್ಟ. ಗಂಡ ಹೆಂಡತಿ ಇಬ್ಬರೂ ಸೈಕಲ್ಲು ತಳ್ಳಿಕೊಂಡು, ದಾರಿಯಲ್ಲಿ ಒಣಮೀನು ಕೊಂಡು, ಮಾತಾಡುತ್ತ ಮನೆಗೆ ನಡೆದರು. ದಂಡ ತೆತ್ತವರು ಅಷ್ಟು ಹಗುರಾಗಿ ನಡೆಯುವುದನ್ನು ನಾನು ಕಂಡಿರಲಿಲ್ಲ.

ಆವತ್ತಿನಿಂದ ಬಸಲಿಂಗಪ್ಪನ ಕಾಯಿದೆ ಎರಡು ಭಾಗವಾಯಿತು. ಪಗಾರದವರಿಗೆ ಹೋಗುವಾಗ, ಬದಲಿಯವರಿಗೆ ಬರುವಾಗ. ನಾನು ಇನ್ನೊಮ್ಮೆ ಸಿಕ್ಕಿಬಿದ್ದಾಗ, ನನಗೂ ಬರುವಾಗಲೇ ಹಾಕಿರಿ ಎಂದು ಕೇಳಿದೆ. "ನಿಮಗ ಪಗಾರ ಐತ್ರಿ ಅಕ್ಕೋರ, ಹೋಗೂ ಮುಂದನ" ಎಂದು ಚಕ್ರಕ್ಕೆ ಬಗ್ಗಿದ. ಅವಮಾನವೂ ಆಯಿತು, ಒಳಗೊಳಗೆ ಒಂದಿಷ್ಟು ಜಂಬವೂ ಬಂತು.

ಕಷ್ಟವಾದದ್ದು ಊರಿನ ಕಟ್ಟಿಗೆ ವ್ಯಾಪಾರದ ಸಾಹುಕಾರರೊಬ್ಬರದು. ಅವರು ತಮ್ಮ ಕಾರನ್ನು ಮನಸ್ಸು ಬಂದಲ್ಲಿ ಅಡ್ಡ ನಿಲ್ಲಿಸುವವರು. ದಂಡ ಕೇಳಿದರೆ ಗಾಜು ಇಳಿಸಿ, "ನಾಳೀದೂ ಕೂಡೇ ಹಿಡೀರಿ ಹವಾಲ್ದಾರ್ರ" ಎಂದು ನೋಟು ಚಾಚುತ್ತಿದ್ದರು. ಅಪರಾಧಕ್ಕೂ ಮುಂಗಡ ಕೊಡುವ ಮನುಷ್ಯನನ್ನು ಏನು ಮಾಡುವುದು? ಬಸಲಿಂಗಪ್ಪ ಕೆಲವು ದಿನ ಯೋಚಿಸಿದ. ಆಮೇಲೊಮ್ಮೆ ಬಹಳ ವಿನಯದಿಂದ, "ರಸೀದಿ ಬುಕ್ಕ ಠಾಣೇದಾಗ ಐತ್ರಿ, ತರಾಕ ಕಳಿಸೇನಿ. ರಸೀದಿ ಇಲ್ಲದ ನಾ ರೊಕ್ಕ ಮುಟ್ಟಂಗಿಲ್ಲ. ಕೂಡ್ರಿ" ಎಂದು ಚಹಾದಂಗಡಿಯ ಬೆಂಚು ತೋರಿಸಿದ. ಸಾಹುಕಾರರು ಕೂತರು. ಸಂತೆಗೆ ಹೋಗುವವರೆಲ್ಲ ಅವರನ್ನು ನೋಡಿ ಕೈಮುಗಿದು, ಯಾಕೆ ಕೂತಿದ್ದೀರಿ ಎಂದು ಕೇಳಿಕೊಂಡೇ ಹೋದರು. ಮುಂದೆ ಕಾರು ರಸ್ತೆಯ ಪಕ್ಕದಲ್ಲಿ ಗೆರೆ ಎಳೆದ ಹಾಗೆ ನಿಲ್ಲತೊಡಗಿತು.

ಇದನ್ನೆಲ್ಲ ಹೇಳಿ ಆ ಕಾಲ ಬಂಗಾರದ್ದು ಎಂದು ಹೊಗಳುವುದಿಲ್ಲ. ಒಬ್ಬ ಮನುಷ್ಯನ ಕಣ್ಣಳತೆಗೆ ಕಾಯಿದೆಯನ್ನು ಬಿಟ್ಟರೆ, ಕಣ್ಣು ಒಳ್ಳೆಯದಿದ್ದಷ್ಟು ದಿನ ಸರಿ. ಬಸಲಿಂಗಪ್ಪನ ನಂತರ ಬಂದ ಹವಾಲ್ದಾರನೂ ಜನರನ್ನು ಅಳೆಯುತ್ತಿದ್ದ, ಆದರೆ ಅವನ ಕಣ್ಣು ಜೇಬಿನ ಮೇಲಿತ್ತು. ಹಳೆಯ ಕಾಲದ ರಾಜರೂ ಆಳು ನೋಡಿ ದಂಡ ಹಾಕುತ್ತಿದ್ದರಂತೆ, ಅದರಲ್ಲಿ ಎಷ್ಟೋ ಸಲ ಜಾತಿ ನೋಡುತ್ತಿದ್ದರು. ಕ್ಯಾಮೆರಾಕ್ಕೆ ಆ ರೋಗವಿಲ್ಲ. ಅದು ಯಾರನ್ನೂ ನೋಡುವುದಿಲ್ಲ, ಮೋರಿಕಟ್ಟೆಯ ಮೇಲೆ ಕೂತವನನ್ನೂ ನೋಡುವುದಿಲ್ಲ.

ಇನಾಸನ ಮಗಳು ಅಂಬೆಗಾಲಿಡುವ ಹೊತ್ತಿಗೆ ಅವನು ಪರ್ಮನೆಂಟ್ ಆದ. ಓಣಿಗೆಲ್ಲ ಪೇಢೆ ಹಂಚಿದ. ಅದಾದ ಮೂರನೆಯ ದಿನ ಮುಂಜಾನೆ ಎಂದಿನಂತೆ ರೋಜಿಯನ್ನು ಕೂರಿಸಿಕೊಂಡು, ಹವಾಲ್ದಾರನಿಗೆ ನಮಸ್ಕಾರ ಹೊಡೆದು ಮುಂದೆ ಹೊರಟ. ಬಸಲಿಂಗಪ್ಪ ಕೈ ಅಡ್ಡ ಹಿಡಿದ.

"ಹೆಸರು ಪಕ್ಕಾ ಆತಂತಲ್ಲ?"

"ಆತ್ರಿ ಸಾಹೇಬ್ರ."

"ಹಂಗಾದ್ರ ಇಳಿ."

ಎರಡೂ ಚಕ್ರದ ಗಾಳಿ ಬಿಟ್ಟ. ಅಂದು ಇನಾಸ ತಡವಾಗಿ ಕಾರ್ಖಾನೆ ಮುಟ್ಟಿ ಮುಕಾದಮನಿಂದ ಬೈಸಿಕೊಂಡ. ಸಂಜೆ ಸೈಕಲ್ಲು ತಳ್ಳಿಕೊಂಡು ಬಂದು, ಓಣಿಯ ಬಾಯಿಯಿಂದಲೇ ಹಿಗ್ಗಿನಿಂದ ಶುರುಮಾಡಿದ: "ನನ್ನ ಹೋಗೂ ಮುಂದ ಹಿಡದ್ರು! ಹೋಗೂ ಮುಂದ!" ಮಾರನೆಯ ದಿನ ರವಿವಾರ. ಸೈಕಲ್ಲು ಚಪ್ಪಟೆ ಚಕ್ರದ ಮೇಲೆ ಅಂಗಳದ ನಟ್ಟನಡುವೆ ನಿಂತೇ ಇತ್ತು. ನಾನು ನಮ್ಮ ಪಂಪು ತೆಗೆದುಕೊಂಡು ಹೋಗಿ, ಗಾಳಿ ಹೊಡಿ ಅಂದೆ.

"ಇರ್ಲಿ ಬಿಡ್ರಿ ಅಕ್ಕೋರ" ಅಂದ ಇನಾಸ. "ಊರಿಂದ ನಮ್ಮಪ್ಪ ಬರಾಂವ ಅದಾನ. ಅಂವಾ ಒಂದ್ಸಲ ನೋಡ್ಲಿ."