ತಡವಾಗಿ ಬರುವ ಹುಳಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತಂಪು ಪಾನೀಯ ತಯಾರಿಸುವ ಆ ಚಿಕ್ಕ ಕಾರ್ಖಾನೆಯ ಹಿತ್ತಲ ನಲ್ಲಿಯ ಬಳಿ ಒಬ್ಬ ಹೆಂಗಸು ಬಾಯಿ ಮುಕ್ಕಳಿಸುತ್ತಿದ್ದಾರೆ. ಒಂದು ಸಲವಲ್ಲ, ಮತ್ತೆ ಮತ್ತೆ. ಎದ್ದಾಗಿನಿಂದ ಚಹಾ ಕುಡಿದಿಲ್ಲ. ಬಾಯಿಗೆ ಒಂದು ತುಣುಕು ಹಾಕಿಕೊಂಡಿಲ್ಲ. ಹಲ್ಲುಜ್ಜಿದ್ದೂ ಬರೀ ಬೆರಳಲ್ಲಿ, ಪೇಸ್ಟಿನ ಘಾಟು ನಾಲಿಗೆಗೆ ಹತ್ತಬಾರದೆಂದು. ಸಕ್ಕರೆ ಪಾಕದ ಟ್ಯಾಂಕಿನ ಮುಂದೆ ನಿಲ್ಲುವ ಹೊತ್ತಿಗೆ ನಾಲಿಗೆ ತೊಳೆದಿಟ್ಟ ತಟ್ಟೆಯ ಹಾಗಿರಬೇಕು.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಹುಳಿಯಕ್ಕ ಎಂದು. ಸ್ವಭಾವ ನೋಡಿ ಇಟ್ಟ ಹೆಸರಲ್ಲ, ಸೊಸೆಯನ್ನು ಕೇಳಿದರೆ ಮಾತ್ರ ಬೇರೆ ಅಭಿಪ್ರಾಯ ಬರಬಹುದು. ಪಾನೀಯಕ್ಕೆ ಎಷ್ಟು ಹುಳಿ ಬೀಳಬೇಕೆಂದು ತೀರ್ಮಾನಿಸುವುದು ಇವರ ಕೆಲಸ. ನೀವು ಬಿಸಿಲಲ್ಲಿ ನಡೆದು ಬಂದು ಅಂಗಡಿಯಲ್ಲಿ ಒಂದು ಬಾಟಲಿ ಕುಡಿದು "ಹಾ" ಅನ್ನುತ್ತೀರಲ್ಲ, ಆ "ಹಾ" ಎನ್ನುವುದು ಸಕ್ಕರೆಯಿಂದ ಬರುವುದಿಲ್ಲ, ಬಣ್ಣದಿಂದಂತೂ ಅಲ್ಲವೇ ಅಲ್ಲ. ಹುಳಿಯಿಂದ ಬರುತ್ತದೆ. ಹುಳಿ ಒಂದು ಚಿಟಿಕೆ ತಪ್ಪಿದರೆ ಅದು ಸಕ್ಕರೆ ನೀರು, ಇನ್ನೊಂದು ಚಿಟಿಕೆ ಹೆಚ್ಚಾದರೆ ಹಲ್ಲಿಗೆ ಶತ್ರು.

ಇವತ್ತು ಎಂದಿಗಿಂತ ಹೆಚ್ಚು ಸಲ ಮುಕ್ಕಳಿಸುತ್ತಿದ್ದಾರೆ. ಕಾರಣ ಇದೆ. ಕಳೆದ ವಾರ ಹೋದ ಮಾಲು ಪೂರ್ತಿ ವಾಪಸ್ ಬಂದಿದೆ. ಅಂಗಡಿಗಳಿಗೆಲ್ಲ ಸರಕು ಹಂಚುವ ಏಜೆಂಟ್ ಇವತ್ತು ಬೆಳಿಗ್ಗೆ ಖುದ್ದಾಗಿ ಬರುತ್ತಾನೆ, ಹೊಸ ಮಾಲಿನ ರುಚಿ ನೋಡಿಯೇ ಲೋಡ್ ಎತ್ತುತ್ತಾನೆ. ಅವನು ತಲೆ ಅಲ್ಲಾಡಿಸಿದರೆ ಬೇಸಿಗೆ ಮುಗಿಯುವವರೆಗೂ ಬಾಗಿಲು ಹಾಕುವುದೆಂದು ಕಾರ್ಖಾನೆಯ ಯಜಮಾನರು ನಿನ್ನೆ ಸಂಜೆಯೇ ಹೇಳಿದ್ದಾರೆ. ಹುಳಿಯಕ್ಕನ ಮಗ ಇದೇ ಕಾರ್ಖಾನೆಯ ವ್ಯಾನ್ ಓಡಿಸುತ್ತಾನೆ. ಸೊಸೆ ಬಾಟಲಿ ತೊಳೆಯುವ ಕಟ್ಟೆಯಲ್ಲಿದ್ದಾಳೆ. ಒಂದು ಮನೆಯ ಮೂರು ಅನ್ನದ ತಟ್ಟೆಗಳೂ ಇವತ್ತು ಒಂದೇ ಟ್ಯಾಂಕಿನೊಳಗೆ ತೇಲುತ್ತಿವೆ.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಹುಳಿಯಕ್ಕ, ಯಜಮಾನರನ್ನು ನೆನೆದು. "ಬಾಟ್ಲಿ ಎಲ್ಲಾ ವಾಪಸ್ ಬಂತಲ್ಲ, ಆವತ್ತು ಅವರು ಒಂದ್ ಮಾತು ಆಡ್ಲಿಲ್ಲ. ಸುಮ್ನೆ ಬಂದು ಟ್ಯಾಂಕ್ ಪಕ್ಕ ನಿಂತ್ಕೊಂಡ್ರು, ಹೋದ್ರು. ಅದೇ ನನಗೆ ಇವತ್ತಿಗೂ ನುಂಗಕ್ಕಾಗ್ತಿಲ್ಲ."

ಇಷ್ಟು ವರ್ಷ ತಪ್ಪದ ನಾಲಿಗೆ ಈಗ ತಪ್ಪಿದ್ದು ಹೇಗೆ? ಅದಕ್ಕೆ ಪೇಟೆಯ ಕಥೆ ಸ್ವಲ್ಪ ಕೇಳಬೇಕು.

ಪಾನೀಯಕ್ಕೆ ಹಾಕುವ ಬಿಳಿ ಹರಳಿಗೆ ಕಾರ್ಖಾನೆಯವರು ನಿಂಬೆ ಉಪ್ಪು ಎನ್ನುತ್ತಾರೆ. ಚೀಲದ ಮೇಲೆ ಸಿಟ್ರಿಕ್ ಆಸಿಡ್ ಎಂದಿರುತ್ತದೆ. ನಿಂಬೆಹಣ್ಣಿಗೂ ಅದಕ್ಕೂ ಈಗ ಹೆಸರಿನ ನೆಂಟಸ್ತನ ಮಾತ್ರ. ಕಾಕಂಬಿಯನ್ನೋ ಮೆಕ್ಕೆಜೋಳದಿಂದ ತೆಗೆದ ಸಕ್ಕರೆಯನ್ನೋ ಒಂದು ಜಾತಿಯ ಬೂಷ್ಟಿಗೆ ತಿನ್ನಿಸಿ, ಅದು ಬಿಟ್ಟುಕೊಡುವ ಹುಳಿಯನ್ನು ಸೋಸಿ ಹರಳಾಗಿಸುತ್ತಾರೆ. ಬಹುಪಾಲು ಮಾಲು ಕಡಲಾಚೆಯಿಂದ ಬರುತ್ತದೆ. ಈ ಸಲ ಅಲ್ಲಿನ ಎರಡು ದೊಡ್ಡ ಕಾರ್ಖಾನೆಗಳು ದುರಸ್ತಿಗೆಂದು ನಿಂತವು, ಹಡಗುಗಳು ತಡವಾದವು, ಇಲ್ಲಿ ಬೆಲೆ ಏಣಿ ಹತ್ತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಸುಮ್ಮನೆ ಅಲ್ಲ.

ದೊಡ್ಡ ಕಂಪನಿಗಳಿಗೆ ಬಿಸಿ ತಟ್ಟಲಿಲ್ಲ. ಅವು ವರ್ಷಕ್ಕೆ ಬೇಕಾದದ್ದನ್ನು ಮೊದಲೇ ಮಾತಾಡಿ ಇಟ್ಟುಕೊಂಡಿರುತ್ತವೆ. ಚಿಕ್ಕವರು ಆಯಾ ವಾರದ ದರಕ್ಕೆ ಕೈಯೊಡ್ಡಬೇಕು. ಕಾರ್ಖಾನೆಯ ಯಜಮಾನರು ದಿನಾ ದಲ್ಲಾಳಿಗೆ ಫೋನ್ ಮಾಡುತ್ತಿದ್ದರು. ದಲ್ಲಾಳಿ ಮೊದಲು ದರ ಹೇಳುತ್ತಿದ್ದ, ಆಮೇಲೆ "ನಾಳೆ ಹೇಳ್ತೀನಿ" ಎನ್ನತೊಡಗಿದ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟ. ಒಂದು ದಿನ ತಾನೇ ಬಂದು ಬೇರೆ ಚೀಲವೊಂದನ್ನು ಇಳಿಸಿದ. ಮ್ಯಾಲಿಕ್ ಆಸಿಡ್. ಸೇಬಿನೊಳಗಿನ ಹುಳಿ ಇದೇ.

"ಈಗ ಎಲ್ರೂ ಇದಕ್ಕೇ ತಿರುಗ್ತಿದ್ದಾರೆ. ಸಕ್ಕರೆ ಕಮ್ಮಿ ಇರೋ ಡ್ರಿಂಕ್ಸ್‌ಗೆಲ್ಲಾ ಇದೇ ಚೆನ್ನಾಗಿ ಹೊಂದುತ್ತೆ. ಮುಂದೆ ಕಾಲ ಇದರದ್ದೇ," ಎಂದು ದಲ್ಲಾಳಿ ಭಾಷಣ ಬಿಗಿದನಂತೆ. ಮಾರುವವನಿಗೆ ತನ್ನ ಚೀಲದಲ್ಲಿ ಇರುವುದೇ ಮುಂದಿನ ಕಾಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಕಾರ್ಖಾನೆಯವರು ಅದಕ್ಕೆ ಸೇಬುಪ್ಪು ಎಂದು ನಾಮಕರಣ ಮಾಡಿ ಒಳಗೆ ತಂದರು.

ತಪ್ಪಾದದ್ದು ಇಲ್ಲೇ. ನಿಂಬೆ ಉಪ್ಪಿನ ಹುಳಿ ನಾಲಿಗೆಗೆ ಬಿದ್ದ ಕೂಡಲೇ ಚುರುಕ್ ಎಂದು ಹೊಡೆದು ಹೊರಟುಹೋಗುತ್ತದೆ. ಸೇಬುಪ್ಪಿಗೆ ಅಂಥ ಅವಸರವಿಲ್ಲ. ಅದು ನಿಧಾನಕ್ಕೆ ಬರುತ್ತದೆ, ಬಂದಮೇಲೆ ಚಪ್ಪಲಿ ಬಿಟ್ಟು ಕೂತ ನೆಂಟನ ಹಾಗೆ ಏಳುವುದಿಲ್ಲ. ಯಜಮಾನರು ಚೀಲದ ಜೊತೆ ಬಂದ ಚೀಟಿಯಲ್ಲಿ ಇದ್ದಷ್ಟೇ ತೂಗಿ ಹಾಕಿಸಿದ್ದರು. ಹುಳಿಯಕ್ಕ ಚಮಚ ಬಾಯಿಗಿಟ್ಟರು, ಸಪ್ಪೆ ಅನ್ನಿಸಿತು. ಒಂದು ಹಿಡಿ ಹಾಕಿದರು. ಮತ್ತೆ ನೋಡಿದರು, ಇನ್ನೂ ಸಾಲದು. ಇನ್ನೊಂದು ಹಿಡಿ. ಇಡೀ ಜೀವಮಾನ ಮೊದಲ ಏಟಿಗೇ ತೀರ್ಪು ಕೊಟ್ಟ ನಾಲಿಗೆ ಅದು, ಎರಡನೆಯ ಏಟಿಗೆ ಕಾಯುವ ಅಭ್ಯಾಸವೇ ಇಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಾಗಿದ್ದರೆ ಚೀಟಿ ನಂಬಿ ಸುಮ್ಮನಿರುತ್ತಿದ್ದರು, ಮಾಲು ಉಳಿಯುತ್ತಿತ್ತು.

"ಚೀಟಿ ಸರಿಯಾಗೇ ಇತ್ತು. ನಾನೇ ತಪ್ಪಿದ್ದು," ಎಂದು ಅವರು ಬಚ್ಚಿಡದೆ ಹೇಳುತ್ತಾರೆ. "ಆವತ್ತು ಏಜೆಂಟ್ ಒಂದ್ ಗುಟುಕು ಕುಡಿದು 'ಸೂಪರ್' ಅಂದ. ಲೋಡ್ ಎತ್ಕೊಂಡು ಹೋದ. ಅಂಗಡೀಲಿ ಜನ ಅರ್ಧ ಬಾಟ್ಲಿಗೇ ಮುಖ ಕಿವುಚಿ ಇಟ್ರಂತೆ. ಮಕ್ಕಳು ಅತ್ರಂತೆ. ಮಕ್ಕಳು ಅತ್ರು ಅಂದ್ರೆ ಇನ್ನೇನ್ ಹೇಳ್ಲಿ?"

ಪಾಕದ ಕೋಣೆ ದೊಡ್ಡದೇನಲ್ಲ. ಎದೆಯೆತ್ತರದ ಸ್ಟೀಲ್ ಟ್ಯಾಂಕು, ಅದರ ಮೇಲೆ ಗುಂಯ್‌ಗುಡುವ ಕಡೆಯುವ ಮೋಟಾರು, ಗೋಡೆಗೆ ಒರಗಿಸಿದ ಸಕ್ಕರೆ ಚೀಲಗಳು, ಒಂದು ತಕ್ಕಡಿ. ಹುಳಿಯಕ್ಕ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಗ್ಲೌಸ್ ಹಾಕಿ ಚೀಲ ಬಿಚ್ಚುತ್ತಾರೆ. ಹುಳಿಯ ಧೂಳು ಗಂಟಲಿಗೆ ಇಳಿದರೆ ದಿನವಿಡೀ ಕೆಮ್ಮು. ಗ್ಲೌಸ್ ಬಂದದ್ದು ಈಚೆಗೆ, ಅದಕ್ಕೆ ಮೊದಲಿನ ಕೆಲಸವೆಲ್ಲ ಅಂಗೈಯ ಬಿರುಕುಗಳಲ್ಲಿ ಕಾಣುತ್ತದೆ. ಹಲ್ಲುಗಳ ಮೇಲಿನ ಹೊಳಪು ಸವೆದುಹೋಗಿ ತಣ್ಣೀರು ಕೂಡ ಚುಳ್ ಎನ್ನುತ್ತದೆ. ಮನೆಯಲ್ಲಿ ಹುಳಿ ಇರುವ ಏನನ್ನೂ ಅವರು ಮುಟ್ಟುವುದಿಲ್ಲ.

ಅವರು ಇಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ಗಂಡ ತೀರಿಕೊಂಡ ವರ್ಷ, ಮಗ ಇನ್ನೂ ಕಂಕುಳಲ್ಲಿದ್ದ. ಆಗ ಪಾಕದ ರುಚಿ ನೋಡುತ್ತಿದ್ದವರು ಈಗಿನ ಯಜಮಾನರ ತಂದೆ. ಒಂದು ಸಲ ದೊಡ್ಡವರಿಗೆ ವಿಪರೀತ ನೆಗಡಿಯಾಗಿ ಸಿಹಿಗೂ ಹುಳಿಗೂ ವ್ಯತ್ಯಾಸ ತಿಳಿಯದಾಯಿತು. ಹತ್ತಿರದಲ್ಲಿದ್ದ ಇವರನ್ನು ಕರೆದು ಚಮಚ ಕೊಟ್ಟರು. "ಕಾರ್ಖಾನೇಲಿ ಎಲೆ ಅಡಿಕೆ, ಬೀಡಿ ಯಾವ್ದೂ ಇಲ್ಲದ ಬಾಯಿ ನಂದೊಂದೇ," ಎಂದು ಹುಳಿಯಕ್ಕ ನಗುತ್ತಾರೆ. ನೆಗಡಿ ವಾಸಿಯಾದ ಮೇಲೂ ಚಮಚ ಇವರ ಕೈಯಲ್ಲೇ ಉಳಿಯಿತು.

ಇವತ್ತು ಕೋಣೆಯಲ್ಲಿ ಸೊಸೆಯೂ ಇದ್ದಾಳೆ. ಅತ್ತೆಯೇ ಬರಹೇಳಿದ್ದು. ಅದಕ್ಕೂ ಒಂದು ಹಿನ್ನೆಲೆ ಇದೆ. ಮಾಲು ವಾಪಸ್ ಬಂದ ದಿನ ಮನೆಯಲ್ಲಿ ಸೊಸೆ ಒಂದು ಬಾಟಲಿ ತೆಗೆದು ಕುಡಿದಳು. ಸ್ವಲ್ಪ ಹೊತ್ತಾದ ಮೇಲೆ ಮುಖ ಸಿಂಡರಿಸಿಕೊಂಡು ಹೇಳಿದಳು, "ಇದು ಥೇಟ್ ನಿಮ್ ಮಾತಿದ್ದಂಗಿದೆ ಅತ್ತೆ. ಆಡಿದಾಗ ಏನೂ ಅನ್ಸಲ್ಲ. ಹೋಗಿ ನಾಲ್ಕು ಬಟ್ಟೆ ಒಗೆಯೋ ಹೊತ್ತಿಗೆ ಚುಚ್ಚಕ್ ಶುರುವಾಗುತ್ತೆ." ಮಗ ಹೆದರಿ ಅಮ್ಮನ ಮುಖ ನೋಡಿದ. ಅಮ್ಮ ಕೋಪಿಸಿಕೊಳ್ಳಲಿಲ್ಲ. ತಾವೂ ಒಂದು ಗುಟುಕು ಕುಡಿದು, ಎದ್ದು ಹೋಗಿ ಪಾತ್ರೆ ತೊಳೆಯುತ್ತಾ ಕಾದರು. ಹುಳಿ ಆಗ ಬಂತು.

ಸೇಬುಪ್ಪು ನೀರಲ್ಲಿ ಕರಗಿದೆ. ಹುಳಿಯಕ್ಕ ಅದನ್ನು ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಸುರಿಯುತ್ತಾರೆ. ಚೀಟಿಯಲ್ಲಿದ್ದಷ್ಟೇ, ಒಂದು ಹರಳೂ ಹೆಚ್ಚಿಲ್ಲ. ಆದರೆ ಇಲ್ಲಿಗೇ ಮುಗಿಯುವಂತಿಲ್ಲ. ಈ ಚೀಲಕ್ಕೆ ತೇವ ತಗುಲಿ ಹರಳು ಅಲ್ಲಲ್ಲಿ ಹೆಪ್ಪುಗಟ್ಟಿತ್ತು. ತೂಕದಲ್ಲಿ ನೀರೆಷ್ಟು, ಹುಳಿಯೆಷ್ಟು ಎಂದು ತಕ್ಕಡಿ ಹೇಳುವುದಿಲ್ಲ. ನಾಲಿಗೆಯೇ ಹೇಳಬೇಕು, ಮೊನ್ನೆ ಮೋಸ ಹೋದ ಅದೇ ನಾಲಿಗೆ.

ಮೋಟಾರು ನಿಲ್ಲುತ್ತದೆ. ಲೋಟದಲ್ಲಿ ಸ್ವಲ್ಪ ಪಾಕ, ಅದಕ್ಕೆ ಬಾಟಲಿಗೆ ಬೆರೆಸುವಷ್ಟೇ ಪ್ರಮಾಣದ ನೀರು. ಅತ್ತೆಗೊಂದು ಚಮಚ, ಸೊಸೆಗೊಂದು ಚಮಚ. ಇಬ್ಬರೂ ಒಟ್ಟಿಗೆ ಬಾಯಿಗಿಡುತ್ತಾರೆ.

"ಸಾಲ್ದು," ಎನ್ನುತ್ತಾರೆ ಹುಳಿಯಕ್ಕ ತಕ್ಷಣ. ಹೇಳಿದ್ದಷ್ಟೇ ಅಲ್ಲ, ಬಲಗೈ ತಾನಾಗಿ ಚೀಲದೊಳಗೆ ಇಳಿದು ಒಂದು ಹಿಡಿ ತುಂಬಿಕೊಂಡಿದೆ.

"ತಾಳಿ ಅತ್ತೆ."

"ಸಪ್ಪೆ ಕಣೇ. ಏನೂ ಇಲ್ಲ ಇದರಲ್ಲಿ."

"ನೀವೇ ತಾನೇ ಹೇಳಿದ್ದು, ತಡೀ ಅಂತ ಹೇಳೋಕೇ ನನ್ನ ಕರೆದಿರೋದು ಅಂತ. ಹೇಳ್ತಿದ್ದೀನಿ. ತಾಳಿ."

ಹಿಡಿ ಮುಚ್ಚಿಯೇ ಇದೆ. ಬಾಗಿಲಲ್ಲಿ ಯಜಮಾನರು ಬಂದು ನಿಂತಿದ್ದಾರೆ, ಒಳಗೆ ಕಾಲಿಡುವ ಧೈರ್ಯ ಅವರಿಗೂ ಇಲ್ಲ. ಹೊರಗೆ ವ್ಯಾನಿನ ಬಾನೆಟ್ ಎತ್ತಿಕೊಂಡು ಮಗ ಇಲ್ಲದ ರಿಪೇರಿಯನ್ನು ಮಾಡುತ್ತಿದ್ದಾನೆ. ಹುಳಿಯಕ್ಕ ಎಡಗೈಯಲ್ಲಿ ಒದ್ದೆ ಬಟ್ಟೆ ತೆಗೆದುಕೊಂಡು ಟ್ಯಾಂಕಿನ ಅಂಚನ್ನು ಒರೆಸತೊಡಗುತ್ತಾರೆ. ಒಂದು ಸುತ್ತು ನಿಧಾನವಾಗಿ, ಮೂಲೆ ಬಿಡದೆ. ಸುತ್ತು ಮುಗಿಯುವ ಹೊತ್ತಿಗೆ ಅವರ ದವಡೆಯ ಹಿಂಬದಿ ಸಣ್ಣಗೆ ಬಿಗಿಯುತ್ತದೆ.

"ಬಂತು," ಎನ್ನುತ್ತಾರೆ.

"ನನಗೂ ಬಂತು. ಆದ್ರೆ ಒಂಚೂರು..."

"ಒಂಚೂರು ಕಮ್ಮಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಹುಳಿಯಕ್ಕ ಹಿಡಿಯಲ್ಲಿದ್ದುದನ್ನೆಲ್ಲ ಚೀಲಕ್ಕೆ ಸುರಿದು, ಚಮಚವನ್ನು ಸೊಸೆಯ ಮುಂದೆ ಚಾಚುತ್ತಾರೆ. "ನೀನ್ ಹಾಕು. ನನ್ ಕೈಗೆ ಹಿಡಿ ಲೆಕ್ಕ ಮಾತ್ರ ಗೊತ್ತು." ಸೊಸೆ ಚಮಚದಷ್ಟನ್ನೇ ಕರಗಿಸಿ ಹಾಕುತ್ತಾಳೆ. ಮತ್ತೆ ಮೋಟಾರು, ಮತ್ತೆ ರುಚಿ. ಕಾಯುವಾಗ ಈ ಸಲ ಒರೆಸಲು ಏನೂ ಉಳಿದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಸಾಕು ಎಂದದ್ದು ಸೊಸೆ. ಹೌದೆಂದು ತಲೆದೂಗಿದ್ದು ಅತ್ತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ಮಾಡಿದವರು ಇಬ್ಬರಿಗೂ ಒಂದೇ ಕಾಲ ಬಂದೀತೆಂದು ಯೋಚಿಸಿರಲಿಕ್ಕಿಲ್ಲ.

ಬಿಸಿಲೇರಿದ ಮೇಲೆ ಏಜೆಂಟ್ ಬರುತ್ತಾನೆ. ತುಂಬಿಸಿ ಬಿರಡೆ ಹಾಕಿದ ಮೊದಲ ಬಾಟಲಿಗಳಲ್ಲಿ ಒಂದನ್ನು ಯಜಮಾನರು ಕೈಗೆ ಕೊಡುತ್ತಾರೆ. ಅವನು ಒಂದು ಗುಟುಕು ಕುಡಿಯುತ್ತಾನೆ.

"ಸೂಪರ್," ಎನ್ನುತ್ತಾನೆ.

ಯಜಮಾನರ ಮುಖ ಅರಳುತ್ತದೆ. ಹುಳಿಯಕ್ಕನ ಮುಖ ಅರಳುವುದಿಲ್ಲ. ಸೂಪರ್ ಎಂಬ ಈ ಮಾತನ್ನು ಅವರು ಹೋದ ವಾರವೂ ಕೇಳಿದ್ದಾರೆ. ಬಾಗಿಲ ಸಂದಿಯಿಂದ ಅವರು ನೋಡುತ್ತಿರುವುದು ಅವನ ತುಟಿಯನ್ನಲ್ಲ, ಕಣ್ಣಿನ ಪಕ್ಕದ ಸುಕ್ಕನ್ನು. ಏಜೆಂಟ್ ರಸ್ತೆ ಅಗೆದಿರುವವರನ್ನು ಬೈಯುತ್ತಾನೆ. ತನ್ನ ಬೆನ್ನುನೋವಿನ ಬಗ್ಗೆ ಹೇಳುತ್ತಾನೆ. ಸುಕ್ಕು ಅಲುಗುವುದಿಲ್ಲ. ಮಾತಿನ ನಡುವೆ ಇನ್ನೊಂದು ಗುಟುಕು, ಮತ್ತೊಂದು. ಬಾಟಲಿ ಖಾಲಿಯಾದದ್ದು ಅವನಿಗೆ ಗೊತ್ತೇ ಆಗಿಲ್ಲ, ಬರಿದಾದ ಮೇಲೂ ಒಮ್ಮೆ ಬಾಯಿಗೆತ್ತಿ ನೋಡುತ್ತಾನೆ.

"ಲೋಡ್ ಎಷ್ಟೊತ್ತಿಗೆ ಹೊರಡುತ್ತೆ?" ಎಂದು ಕೇಳುತ್ತಾನೆ.

ವ್ಯಾನಿನ ಬಾನೆಟ್ ಧಡ್ ಎಂದು ಮುಚ್ಚಿಕೊಳ್ಳುತ್ತದೆ. ಹುಳಿಯಕ್ಕ ಸಕ್ಕರೆ ಚೀಲದ ಮೇಲೆ ಕುಸಿದು ಕೂರುತ್ತಾರೆ. ಕಣ್ಣು ಒದ್ದೆಯಾಗಿದೆ. ಧೂಳು ಎನ್ನುತ್ತಾರೆ, ಇರಲಿ.

ನಿಂಬೆ ಉಪ್ಪಿನ ಹಡಗು ಯಾವಾಗ ಬರುತ್ತದೆಂದು ದಲ್ಲಾಳಿಗೂ ಗೊತ್ತಿಲ್ಲ. ಬಂದ ಮೇಲೆ ಬೆಲೆ ಇಳಿಯಬಹುದು, ಇಳಿಯದೆಯೂ ಇರಬಹುದು. ಮುಂದೆ ಇನ್ನೂ ಯಾವ ಯಾವ ಹುಳಿ ಬರುತ್ತದೋ. "ಬರಲಿ ಬಿಡಿ," ಎನ್ನುತ್ತಾರೆ ಹುಳಿಯಕ್ಕ. "ಜನಕ್ಕೆ ಚೀಲ ಬದಲಾಗಿದ್ದು ಗೊತ್ತಾಗ್ಬಾರ್ದು, ಕೈ ಬದಲಾಗಿದ್ದೂ ಗೊತ್ತಾಗ್ಬಾರ್ದು. ನಮ್ ಕೆಲಸ ಗೊತ್ತಾಗೋದು ಅದು ಕೆಟ್ಟಾಗ ಮಾತ್ರ."

ನಿಮಗೇನು ಆಸೆ ಎಂದು ಕೇಳಿದರೆ ಮೊದಲು ನಾಚಿಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ. ಇಷ್ಟು ವರ್ಷ ಚಮಚದಲ್ಲಿ ಬಾಯಿಗಿಟ್ಟು ಉಗುಳಿದ್ದೇ ಬಂತು, ಒಂದು ಬಾಟಲಿಯನ್ನೂ ಪೂರ್ತಿ ಕುಡಿದಿಲ್ಲವಂತೆ. "ಬಾಯಾರಿಕೆ ಆಗಿ ಕುಡೀಬೇಕು. ನೀವೆಲ್ಲಾ ಕುಡೀತೀರಲ್ಲ, ಹಂಗೆ."

ಸೊಸೆ ಎದ್ದು ಹೋಗಿ ಒಂದು ಬಾಟಲಿ ತರುತ್ತಾಳೆ. ಹಲ್ಲಿಗೆ ತಗುಲದಿರಲೆಂದು ಹೀರಿ ಕುಡಿಯುವ ಒಂದು ಕೊಳವೆಯನ್ನೂ ಹುಡುಕಿ ತಂದಿದ್ದಾಳೆ. ಹುಳಿಯಕ್ಕ ಕುಡಿಯುತ್ತಾರೆ. ಅರ್ಧಕ್ಕೆ ನಿಲ್ಲಿಸಿ ಕಣ್ಣು ಮುಚ್ಚುತ್ತಾರೆ. ಎಡಗೈ ಪಕ್ಕದಲ್ಲಿದ್ದ ಒದ್ದೆ ಬಟ್ಟೆಯ ಕಡೆ ಹೋಗುತ್ತದೆ.

ಸೊಸೆ ಆ ಬಟ್ಟೆಯನ್ನು ಎಳೆದುಕೊಳ್ಳುತ್ತಾಳೆ.

"ಕುಡೀರಿ ಅತ್ತೆ. ರುಚಿ ನಾನು ನೋಡಿದ್ದೀನಿ."